ಮುಡಿ ಮುಂಡಪ್ಪನ ಗಂಟು

ಮುಂಡಪ್ಪನ ಹೆಸರು ನಾನು ಮೊದಲು ಕೇಳಿದ್ದು ಒಂದು ಶಾಪದ ಜೊತೆಯಲ್ಲಿ. ಆ ದಿನ ನನ್ನ ಗಂಡ ಜತ್ತಪ್ಪ ಬಂಟ್ವಾಳ ಪೇಟೆಯ ಅಕ್ಕಿ ಮಿಲ್ಲಿನಿಂದ ಬಂದವರು ಕೈಕಾಲು ತೊಳೆಯದೆ ಜಗಲಿಯಲ್ಲಿ ಕೂತುಬಿಟ್ಟರು. ತಲೆಕೂದಲಿನಲ್ಲಿ ಗೋಣಿಯ ನಾರು ಹಾಗೆಯೇ ಇತ್ತು. ಊಟ ಬಡಿಸಲಾ ಎಂದು ಕೇಳಿದೆ. ಸೊಂಟದಿಂದ ಗೋಣಿ ಹೊಲಿಯುವ ದಬ್ಬಣ ತೆಗೆದು ನನ್ನ ಕೈಗೆ ಕೊಟ್ಟರು.

"ಇದನ್ನು ಎಲ್ಲಿಯಾದರೂ ಮೇಲೆ ಇಡು. ಕಣ್ಣಿಗೆ ಕಾಣುವಲ್ಲಿ ಬೇಡ."

"ಎಂತ ಆಯ್ತು?"

"ಒಬ್ಬ ಹೇಳಿದ, ಈ ದಬ್ಬಣ ನಿನ್ನ ಕಣ್ಣಿಗೇ ಹೋಗ್ಲಿ ಅಂತ."

"ಯಾರು ಅವ, ಅಷ್ಟು ದೊಡ್ಡ ಬಾಯಿಯವ?"

"ಮುಡಿ ಕಟ್ಟುವ ಮುಂಡಪ್ಪ."

ಆಣೆ ಹೋಗಿ ನಯಾಪೈಸೆ ಬಂದ ಹೊಸತು ಅದು. ಮುಡಿ ಎಂದರೇನೆಂದು ಈಗಿನ ಮಕ್ಕಳಿಗೆ ಹೇಳಬೇಕು. ಆಗ ನಮ್ಮ ಕಡೆ ಅಕ್ಕಿ ಚೀಲದಲ್ಲಿ ಇರುತ್ತಿರಲಿಲ್ಲ. ಭತ್ತದ ಬೈಹುಲ್ಲನ್ನು ನೆಲದ ಮೇಲೆ ಸುತ್ತಲೂ ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನ ತುದಿಗಳನ್ನು ಮೇಲಕ್ಕೆ ಮಡಚಿ, ಹುಲ್ಲಿನದೇ ಹಗ್ಗದಿಂದ ಬಿಗಿಯುತ್ತಿದ್ದರು. ಮತ್ತೆ ಮರದ ಕೊಡತಿಯಿಂದ ಬಡಿದು ಬಡಿದು ದೊಡ್ಡ ಉಂಡೆಯ ಹಾಗೆ ಮಾಡುತ್ತಿದ್ದರು. ಅದು ಮುಡಿ. ಅಟ್ಟದಿಂದ ಕೆಳಗೆ ಹಾಕಿದರೂ ಒಂದು ಕಾಳು ಹೊರಗೆ ಬರಬಾರದು. ಒಳಗೆ ಗಾಳಿ ಹೋಗಬಾರದು. ಗಾಳಿ ಹೋದರೆ ಹಿಂದಿನಿಂದ ಹುಳವೂ ಹೋಗುತ್ತದೆ.

ಮುಂಡಪ್ಪ ಮಿಲ್ಲಿನ ಧನಿಗಳ ಹಳೆಯ ಉಗ್ರಾಣದಲ್ಲಿ ಈ ಕೆಲಸಕ್ಕಿದ್ದವನು. ಕೊಯ್ಲು ಮುಗಿದ ಮೇಲೆ ಬೆಳ್ತಂಗಡಿಯಿಂದಲೂ ಮೂಡಬಿದಿರೆಯಿಂದಲೂ ದೊಡ್ಡ ಮನೆಯವರು ಅವನಿಗೆ ಹೇಳಿಕಳುಹಿಸುತ್ತಿದ್ದರು. ಆದ್ದರಿಂದ ಜಂಬದಲ್ಲಿ ಅವನ ತಲೆ ಭುಜದ ಮೇಲೆ ನಿಲ್ಲುತ್ತಿರಲಿಲ್ಲ. ನಾನು ಕಟ್ಟದಿದ್ದರೆ ಬಂಟ್ವಾಳದವರು ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತಿರುಗಬೇಕು ಎಂದು ಶೇಂದಿ ಅಂಗಡಿಯಲ್ಲಿ ಹೇಳುತ್ತಿದ್ದನಂತೆ. ಮಿಲ್ಲು ಬಂತು. ಅಕ್ಕಿ ಯಂತ್ರದ ಬಾಯಿಂದ ಸೀದಾ ಗೋಣಿಗೆ ಬಿತ್ತು, ಗೋಣಿ ಸೀದಾ ಲಾರಿಗೆ ಏರಿತು. ಮುಡಿ ಯಾರಿಗೂ ಬೇಡವಾಯಿತು. ಗೋಣಿಯ ಬಾಯಿ ಹೊಲಿಯಲು ಜನ ಬೇಕಿತ್ತು, ನನ್ನ ಗಂಡನ ಕೈಗೆ ದಬ್ಬಣ ಕೊಟ್ಟರು. ಇವರು ಯಾರ ಕೆಲಸವನ್ನೂ ಕಸಿದವರಲ್ಲ. ಕೊಟ್ಟದ್ದನ್ನು ಹಿಡಿದವರು.

ಆ ಬೆಳಿಗ್ಗೆ ಮುಂಡಪ್ಪ ಎಂದಿನಂತೆ ಕೊಡತಿ ಹಿಡಿದುಕೊಂಡು ಬಂದನಂತೆ. ಹೊಲಿದಿಟ್ಟ ಗೋಣಿಗಳನ್ನು ನೋಡಿ, ಮೊದಲನೆಯದಕ್ಕೆ ಕೊಡತಿಯಿಂದ ಬಡಿಯಲು ಶುರುಮಾಡಿದನಂತೆ. ಗೋಣಿ ಒಂದು ಕಡೆ ತಗ್ಗಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಅದು ಉಂಡೆ ಆಗುತ್ತದಾ?

"ಎಂತ ಮುಂಡಪ್ಪ, ಗೋಣಿಗೆ ಗರ್ಭ ಉಂಟಾ ನೋಡ್ತಿದ್ದೀಯಾ?" ಎಂದು ಧನಿಗಳು ಕೇಳಿದರು. ಕೂಲಿಯವರೆಲ್ಲ ನಕ್ಕರು. ನನ್ನ ಗಂಡನೂ ನಕ್ಕರಂತೆ. ಆಗ ಬಿದ್ದದ್ದು ಆ ಶಾಪ.

ಧನಿಗಳು ಅವನನ್ನು ಕೈಬಿಡಲಿಲ್ಲ, ಅದನ್ನೂ ಹೇಳಬೇಕು. ಉಗ್ರಾಣದ ಬಾಗಿಲಲ್ಲಿ ಕೂತು ಗೋಣಿ ಕಾಯುವ ಕೆಲಸ ಕೊಡುತ್ತೇನೆ ಎಂದರು. ಇವನ ಉತ್ತರ ಇಡೀ ಪೇಟೆಗೆ ಗೊತ್ತಾಯಿತು: "ಅದಕ್ಕೆ ಒಂದು ನಾಯಿ ಸಾಕಿ ಧನಿಗಳೇ. ನಾನು ಕಟ್ಟುವವ."

ಅವನಿದ್ದ ಗುಡಿಸಲು ಉಗ್ರಾಣದ ಕೆಲಸದವರದು. ಕೆಲಸವಿಲ್ಲದವನಿಗೆ ಗುಡಿಸಲು ಎಲ್ಲಿಯದು? ಮಳೆಗಾಲಕ್ಕೆ ಮೊದಲು, ವರ್ಷದ ಕರಾರು ಮುಗಿಯುವ ಪತ್ತನಾಜೆಯ ದಿನ ಖಾಲಿ ಮಾಡಬೇಕೆಂದು ಹೇಳಿದರು. ಅವನಿಗೆ ಪೂವಮ್ಮ ಎಂಬ ಹೆಂಡತಿ ಇದ್ದಳು, ಮಕ್ಕಳಿರಲಿಲ್ಲ. ಅವಳನ್ನು ವೇಣೂರಿನಲ್ಲಿ ಅವಳ ಅಣ್ಣ ನೋಣಯ್ಯನ ಮನೆಗೆ ಕಳುಹಿಸಿದ. ಬಸ್ಸು ಹತ್ತಿಸುವಾಗ ಅವಳ ತಲೆಯ ಮೇಲೆ ಕೈಯಿಟ್ಟು, "ನಮ್ಮದೇ ಅಂತ ಒಂದು ಬಾಗಿಲು ಆದ ದಿವಸ ಕರ್ಕೊಂಡು ಬರ್ತೇನೆ. ಆ ಬಾಗಿಲಿನ ಒಳಗೆ ಗೋಣಿಯ ಒಂದು ನಾರು ಬರಬಾರದು" ಎಂದು ಆಣೆ ಹಾಕಿದನಂತೆ. ಇದು ಪೂವಮ್ಮನೇ ಮುಂದೆ ನನಗೆ ಹೇಳಿದ್ದು.

ಊರು ಬಿಡುವಾಗ ನಮ್ಮ ಮನೆಯ ಎದುರಿನಿಂದಲೇ ಹೋದ. ನಾನು ಅಂಗಳದಲ್ಲಿ ಮೆಣಸು ಒಣಗಲು ಹಾಕುತ್ತಿದ್ದೆ. ಉದ್ದದ ಸಪೂರ ಮನುಷ್ಯ, ಭುಜದ ಮೇಲೆ ಕೊಡತಿ, ದವಡೆಯಲ್ಲಿ ಎಲೆಅಡಿಕೆ.

"ದಬ್ಬಣದವನ ಹೆಂಡತಿ ನೀನೆಯಾ?"

"ಹೌದು. ಮುಡಿ ನೀವೆಯಾ?"

"ನಿನ್ನ ಗಂಡನ ಕೈ ಮುರಿದು ಹೋಗ್ಲಿ."

"ಅದಕ್ಕೆ ಮೊದಲು ನಿಮ್ಮ ನಾಲಿಗೆ ಬಿದ್ದು ಹೋಗ್ಲಿ."

ನನ್ನ ಮೆಣಸಿನ ಚಾಪೆಯ ಅಂಚಿಗೆ ಉಗಿದು ಹೋದ. ನಮ್ಮಿಬ್ಬರ ಮೊದಲ ಮಾತುಕತೆ ಇದು. ಕೊನೆಯವರೆಗೂ ಅದರ ರುಚಿ ಹೆಚ್ಚು ಬದಲಾಗಲಿಲ್ಲ.

ಮುಂದೆ ಅವನು ಬೆಳ್ತಂಗಡಿಯಲ್ಲಿ ಬಸ್ಸಿನ ಮೇಲೆ ಸಾಮಾನು ಕಟ್ಟುವ ಕೆಲಸಕ್ಕೆ ನಿಂತ ಎಂದು ಸುದ್ದಿ ಬಂತು. ಕಟ್ಟುವುದು ತಾನೆ, ತನಗೆ ಹೇಳಿ ಮಾಡಿಸಿದ್ದು ಎಂದುಕೊಂಡಿರಬೇಕು. ಒಂದು ಸಲ ಗುರುವಾಯನಕೆರೆಯಲ್ಲಿ ಇಳಿಯುವವರ ಟ್ರಂಕು, ಹಾಸಿಗೆ, ಒರಳುಕಲ್ಲು ಎಲ್ಲ ಒಟ್ಟಿಗೆ ಬಿಗಿದಿದ್ದ. ಇಳಿಸಲು ಹೋದರೆ ಗಂಟು ಬಿಚ್ಚುವುದಿಲ್ಲ. ಕ್ಲೀನರ್ ಹತ್ತಿದ, ಕಂಡಕ್ಟರ್ ಹತ್ತಿದ, ಇಳಿಯುವವರ ಮಾವನೂ ಹತ್ತಿದ. ಬಸ್ಸು ಅಲ್ಲೇ ನಿಂತಿತು, ಒಳಗಿದ್ದವರು ಬೊಬ್ಬೆ ಹಾಕಿದರು. ಕಡೆಗೆ ಚಾದ ಅಂಗಡಿಯಿಂದ ಕತ್ತಿ ತಂದು ಹೊಸ ಹಗ್ಗವನ್ನೇ ಕಡಿಯಬೇಕಾಯಿತು.

"ಬಸ್ಸಿಗೆ ಕಟ್ಟುವವ ಬೇಡ ಮಾರಾಯ, ಬಿಚ್ಚುವವ ಬೇಕು" ಎಂದು ಕಂಡಕ್ಟರ್ ಹೇಳಿದನಂತೆ.

"ಬಿಚ್ಚಲಿಕ್ಕೆ ಆಗುವುದು ಗಂಟೇ ಅಲ್ಲ" ಎಂದು ಇವನು ಹೇಳಿದನಂತೆ. ಅಲ್ಲಿಗೆ ಆ ಕೆಲಸವೂ ಹೋಯಿತು. ಈ ಕತೆಯನ್ನು ನನ್ನ ಗಂಡ ಹೇಳಿ ಮುಗಿಸುವಷ್ಟರಲ್ಲಿ ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದೆ.

ನಗು ಹೆಚ್ಚು ಕಾಲ ಇರಲಿಲ್ಲ. ನನ್ನ ಗಂಡನಿಗೆ ಕಾಮಾಲೆ ಬಂತು. ಹಳದಿ ಮೊದಲು ಕಂಡದ್ದು ಕಣ್ಣಿನಲ್ಲಿ. ಕಣ್ಣಿಗೇ ಹೋಗ್ಲಿ ಎಂದಿದ್ದ ಆ ಮಾತು ನನ್ನ ಕಿವಿಯಲ್ಲಿ ಕೂತಿತ್ತು. ಶಾಪ ತಾಗಿ ಯಾರೂ ಸಾಯುವುದಿಲ್ಲ, ಅದು ನನಗೂ ಗೊತ್ತು. ಗೊತ್ತಿದ್ದರೂ, ಅವರ ಕಣ್ಣು ನೋಡಿದಾಗಲೆಲ್ಲ ಮುಂಡಪ್ಪನ ಉದ್ದದ ಮುಖ ನೆನಪಾಗುತ್ತಿತ್ತು. ಅವರು ಹೋದ ಮೇಲೆ ನಾನು ಪಾತ್ರೆ, ಚಾಪೆ, ಆ ದಬ್ಬಣ ಕಟ್ಟಿಕೊಂಡು ಮೂಡಬಿದಿರೆಯಲ್ಲಿ ತಾಯಿಯ ಮನೆಗೆ ಬಂದೆ. ದಬ್ಬಣವನ್ನು ಮಾಡಿನ ಮರದ ಪಕ್ಕಾಸಿನ ಸಂದಿನಲ್ಲಿ ಸಿಕ್ಕಿಸಿದೆ.

ಮೂಡಬಿದಿರೆಯಲ್ಲಿ ಹೆಂಗಸರಿಗೆ ಆಗ ಬೀಡಿಯ ಕೆಲಸ ಸಿಗುತ್ತಿತ್ತು. ಬಸದಿಯ ಹಿಂದಿನ ಓಣಿಯಲ್ಲಿ ಅಬ್ದುಲ್ ವಹಾಬ್ ಎಂಬವರ ಬೀಡಿ ಬ್ರಾಂಚು. ಅವರ ಪಾಸು ಇದ್ದವರಿಗೆ ಎಲೆ, ಹೊಗೆಸೊಪ್ಪು, ನೂಲು ತೂಗಿ ಕೊಡುತ್ತಿದ್ದರು. ಮನೆಯಲ್ಲಿ ಕಟ್ಟಿ ತಂದು ಒಪ್ಪಿಸಬೇಕು. ವಹಾಬ್ ಸಾಹೇಬರೇ ನೋಡಿ, ಸರಿಯಿಲ್ಲದ್ದನ್ನು ತೆಗೆದು ಬಿಸಾಡುತ್ತಿದ್ದರು. ನಾನು ಹೆಚ್ಚು ಎಲೆ ಒಪ್ಪಿಕೊಂಡಿದ್ದೆ, ನನ್ನ ಒಬ್ಬಳ ಕೈ ಸಾಲುತ್ತಿರಲಿಲ್ಲ. ತಾಯಿಗೆ ಕಣ್ಣು ಮಂಜು. ಹೀಗೇ ಆದರೆ ನಿಮ್ಮ ಪಾಸು ಬೇರೆಯವರಿಗೆ ಕೊಡಬೇಕಾಗ್ತದೆ ಜಲಜಕ್ಕ ಎಂದು ಸಾಹೇಬರು ಆಗಲೇ ಹೇಳಿಯಾಗಿತ್ತು.

ಒಂದು ದಿನ ನಾವೆಲ್ಲ ಬೀಡಿ ಒಪ್ಪಿಸಲು ಬಿದಿರಿನ ಗೆರಸೆ ಹಿಡಿದು ಸಾಲಾಗಿ ಕೂತಿದ್ದಾಗ ಬಾಗಿಲು ಕತ್ತಲಾಯಿತು. ತಲೆಯೆತ್ತಿ ನೋಡಿದರೆ ಮುಂಡಪ್ಪ! ಅದೇ ಕೊಡತಿ, ಕಂಕುಳಲ್ಲಿ ಬೈಹುಲ್ಲಿನ ಹಗ್ಗದ ಸುರುಳಿ. ವೇಣೂರಿನ ಬಸ್ಸಿನಲ್ಲಿ ಯಾರೋ, ಮೂಡಬಿದಿರೆಯ ಸಾಹೇಬರಿಗೆ "ಕಟ್ಟುನಕುಲು ಬೋಡುಗೆ" ಎಂದಿದ್ದರು. ಕಟ್ಟುವವರು ಬೇಕಂತೆ ಎಂದು. ನಮ್ಮ ತುಳುವಿನಲ್ಲಿ ಮುಡಿಯನ್ನೂ ಕಟ್ಟುವುದು, ಬೀಡಿಯನ್ನೂ ಕಟ್ಟುವುದು. ಇವನ ಲೋಕದಲ್ಲಿ ಕಟ್ಟುವುದೆಂದರೆ ಒಂದೇ.

"ಕಟ್ಟುವ ಕೆಲಸ ಉಂಟಂತೆ" ಎಂದ.

"ಉಂಟು. ಕಟ್ಟಿ ಗೊತ್ತುಂಟಾ?" ಸಾಹೇಬರು ತಕ್ಕಡಿಯಿಂದ ತಲೆಯೆತ್ತಲಿಲ್ಲ.

"ಗೊತ್ತುಂಟಾ ಅಂತ ಕೇಳ್ತೀರಾ? ನಾನು ಕಟ್ಟಿದ್ದು ಒಂದನ್ನು ಎತ್ತಲಿಕ್ಕೆ ಒಬ್ಬ ಗಂಡಾಳು ಬೇಕು ಸಾಹೇಬ್ರೇ."

ಸಾಹೇಬರು ಈಗ ನೋಡಿದರು. ಕೊಡತಿ ನೋಡಿದರು, ಹಗ್ಗ ನೋಡಿದರು. "ಗಂಡಾಳು ಎತ್ತುವ ಬೀಡಿಯನ್ನು ಸೇದುವವ ಯಾರು ಮಾರಾಯ?"

ನನ್ನ ಪಕ್ಕದಲ್ಲಿದ್ದ ಅಮ್ಮಣಿಗೆ ನಗು ತಡೆಯಲಾಗದೆ ಗೆರಸೆಯೇ ಮಗುಚಿತು. "ಬೆಂಕಿ ಹಚ್ಚಲಿಕ್ಕೆ ಒಲೆಗೇ ಇಡಬೇಕು!" ಎಂದಳು. ಓಣಿಯಿಡೀ ಕೇಳುವ ಹಾಗೆ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅದರಿಂದಲೇ ಅವನಿಗೆ ನನ್ನ ಗುರುತು ಹತ್ತಿದ್ದು.

"ನೀನಾ! ನಿನ್ನ ಗಂಡ ಎಲ್ಲಿ? ಇಲ್ಲಿಯೂ ಹೊಲಿತಾನಾ?"

"ತೀರಿಕೊಂಡರು."

ಸುತ್ತ ನಗು ನಿಂತಿತು. ಅವನ ದವಡೆಯೂ ನಿಂತಿತು. ಬೇರೆಯವರಾಗಿದ್ದರೆ ಒಂದು ಒಳ್ಳೆಯ ಮಾತು ಹೇಳುತ್ತಿದ್ದರು. ಇವನು ಕೇಳಿದ್ದು, "ದಬ್ಬಣ ಎಂತ ಮಾಡಿದೆ?"

"ಇಟ್ಟುಕೊಂಡಿದ್ದೇನೆ. ನಿಮ್ಮ ಬಾಯಿ ಹೊಲಿಯಲಿಕ್ಕೆ."

ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಕೊಡತಿಯನ್ನು ಗೋಡೆಗೆ ಒರಗಿಸಿ ಮೆಟ್ಟಿಲಲ್ಲಿ ಕೂತ. ಸಾಹೇಬರು ಬ್ರಾಂಚಿನ ಬಾಗಿಲು ಹಾಕಲು ಎದ್ದರೂ ಅಲ್ಲೇ ಇದ್ದ.

"ಎಂತ, ಮನೆಗೆ ಹೋಗುವುದಿಲ್ವಾ?"

"ಮನೆ ಇಲ್ಲ. ಇದನ್ನೇ ಕಲಿತೇನೆ. ಹೆಂಡತಿಯನ್ನು ಭಾವನ ಮನೆಯಲ್ಲಿ ಬಿಟ್ಟಿದ್ದೇನೆ ಸಾಹೇಬ್ರೇ. ಒಂದು ಪಾಸು ಆದರೆ ಒಂದು ಕೋಣೆ ಹಿಡಿಯಬಹುದು."

ಹೊಸಬರಿಗೆ ಪಾಸು ಕೊಡುವ ಕ್ರಮ ಇರಲಿಲ್ಲ. ಕೈ ಕೂರುವ ತನಕ ಹಳಬರ ಪಾಸಿನಲ್ಲಿ, ಅವರ ಜಗಲಿಯಲ್ಲಿ ಕೂತು ಕಟ್ಟಬೇಕು. ಗಂಡಸನ್ನು ಕೂರಿಸಿಕೊಂಡರೆ ಜನ ಎಂತ ಹೇಳ್ತಾರೆ ಎಂದು ಒಬ್ಬೊಬ್ಬರೇ ಜಾರಿದರು. ಸಾಹೇಬರು ನನ್ನ ಕಡೆ ತಿರುಗಿದರು.

"ಜಲಜಕ್ಕ, ನಿಮಗೆ ಕೈ ಸಾಲುವುದಿಲ್ಲ. ಮನೆಯಲ್ಲಿ ತಾಯಿ ಇದ್ದಾರೆ, ಯಾರೂ ಮಾತಾಡುವ ಹಾಗಿಲ್ಲ."

"ಇವರಿಗಾ? ಅದರ ಬದಲು ನಮ್ಮ ಕೋಳಿಗೆ ಕಲಿಸ್ತೇನೆ."

"ಕೋಳಿಗೆ ಕೈ ಇಲ್ಲ ಜಲಜಕ್ಕ. ನಿಮ್ಮ ಪಾಸು ಉಳಿಯಬೇಕಾ ಬೇಡ್ವಾ?"

ದಯೆಯಿಂದ ಒಪ್ಪಿದೆ ಎಂದು ಯಾರೂ ತಿಳಿಯುವುದು ಬೇಡ. ಪಾಸು ಹೋಗುತ್ತದೆ ಎಂದು ಒಪ್ಪಿದೆ.

ಮರುದಿನದಿಂದ ಅವನು ಬಸ್ಸು ನಿಲ್ಲುವಲ್ಲಿನ ಅಂಗಡಿ ಜಗಲಿಯಲ್ಲಿ ಮಲಗಿ ಎದ್ದು ನಮ್ಮ ಜಗಲಿಗೆ ಬರುತ್ತಿದ್ದ. ನನಗೆ ಬೆನ್ನು ಹಾಕಿ ಕೂರುತ್ತಿದ್ದ. ಮೊದಲ ಜಗಳ ಗೋಣಿಯದೇ. ಬೀಡಿಯ ಎಲೆಯನ್ನು ನೀರಿನಲ್ಲಿ ನೆನೆಸಿ ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು, ಇಲ್ಲದಿದ್ದರೆ ಸುರುಟುವಾಗ ಒಡೆಯುತ್ತದೆ. ಇವನು ಗೋಣಿ ಮುಟ್ಟುವುದಿಲ್ಲ. ಎಲೆಯನ್ನು ಬೈಹುಲ್ಲಿನಲ್ಲಿ ಸುತ್ತಿಟ್ಟ. ಬಿಸಿಲೇರುವಾಗ ಎಲೆ ಹಪ್ಪಳದ ಹಾಗೆ ಆಗಿತ್ತು.

"ಇದನ್ನು ಕರಿದು ತಿನ್ನಿ" ಎಂದೆ.

"ನೀನು ಗೋಣಿಯನ್ನೇ ಉಟ್ಟುಕೊ" ಎಂದ.

ಎರಡನೆಯದು ಬಿಗಿ. ಕೊಡತಿ ಹಿಡಿದ ಆ ಕೈಗೆ ಬೀಡಿ ಎಂದರೆ ಒಂದು ಹುಲ್ಲುಕಡ್ಡಿ. ಹೊಗೆಸೊಪ್ಪನ್ನು ಒತ್ತಿ ಒತ್ತಿ ತುಂಬಿಸಿ, ಎಲೆಯನ್ನು ಹಲ್ಲು ಕಚ್ಚಿ ಸುರುಟಿ, ನೂಲನ್ನು ಎಲೆ ಕಡಿಯುವಷ್ಟು ಬಿಗಿಯುತ್ತಿದ್ದ. ನೋಡಲು ಚಂದವೇ ಇತ್ತು, ಎಲ್ಲವೂ ಮೊಳೆಯ ಹಾಗೆ ನೇರ. ಸಾಹೇಬರು ಒಂದನ್ನು ತುಟಿಗಿಟ್ಟು ಎಳೆದರೆ ಹೊಗೆಯೇ ಬರಲಿಲ್ಲ.

"ಇದನ್ನು ಗೋಡೆಗೆ ಹೊಡೆದು ಅಂಗಿ ನೇತುಹಾಕಬಹುದು" ಎಂದು ಇಡೀ ರಾಶಿಯನ್ನು ಓಣಿಗೆ ಚೆಲ್ಲಿದರು. ಹೋದದ್ದು ನನ್ನ ಪಾಸಿನ ಎಲೆ! ದಾರಿಯುದ್ದಕ್ಕೂ ಬಯ್ದೆ. ಬಸ್ಸಿನವರು ನಿಮ್ಮನ್ನು ಓಡಿಸಿದ್ದು ಸುಮ್ಮನೆ ಅಲ್ಲ ಎಂದೆ. ಧನಿಗಳಿಗೆ ನಾಯಿ ಸಿಕ್ಕಿತಾ ಕೇಳಿಕೊಂಡು ಬನ್ನಿ ಎಂದೆ. ಅವನೂ ಕಡಿಮೆಯವನಲ್ಲ. ಗಂಡನನ್ನು ತಿಂದವಳ ಬಾಯಿ ಹೀಗೇ ಇರ್ತದೆ ಎಂದ. ಆ ಮಾತನ್ನು ನಾನು ಈ ವಯಸ್ಸಿನಲ್ಲೂ ಅವನಿಗೆ ಮನ್ನಿಸಿಲ್ಲ.

ಹಾಗೆ ಬಯ್ಯುತ್ತಾ ಬಯ್ಯಿಸಿಕೊಳ್ಳುತ್ತಾ ಮಳೆಗಾಲ ಹೋಯಿತು, ಚಳಿಯೂ ಹೋಯಿತು. ಅವನ ಬೀಡಿ ಸೇದಲು ಬರುವ ಹಾಗೆ ಆಗಲಿಲ್ಲ. ಎಲೆ ಕತ್ತರಿಸುವುದು, ತುದಿ ಮಡಚುವುದು ಮಾತ್ರ ಅವನಿಗೆ ಕೊಟ್ಟು, ಸುರುಟಿ ಕಟ್ಟುವುದನ್ನು ನಾನೇ ಮಾಡುತ್ತಿದ್ದೆ. ನನ್ನ ಪಾಸು ಉಳಿಯಿತು. ಅವನಿಗೆ ಬೇಕಾದ ಪಾಸು ಇದ್ದಲ್ಲೇ ಇತ್ತು. ಇಷ್ಟಾದರೂ ಕಲಿಯಲೆಂದು ಕಟ್ಟುವ ಒಂದೆರಡರಲ್ಲೂ ಬಿಗಿ ಬಿಡಲು ಒಪ್ಪುತ್ತಿರಲಿಲ್ಲ. ಗಾಳಿ ಹೋಗುವ ಕಟ್ಟು ಕಟ್ಟಲ್ಲ ಎಂದು ಅವನ ಹಟ.

ಬೇಸಗೆಯಲ್ಲಿ ವೇಣೂರಿನಿಂದ ನೋಣಯ್ಯ ಬಂದ. ಪೂವಮ್ಮನ ಅಣ್ಣ, ದಪ್ಪ ಮನುಷ್ಯ, ಕೊಡೆ ಹಿಡಿದುಕೊಂಡಿದ್ದ. ನಮ್ಮ ಅಂಗಳದಲ್ಲೇ ನಿಂತ.

"ಭಾವ, ಪತ್ತನಾಜೆಯ ಒಳಗೆ ಅವಳನ್ನು ಕರ್ಕೊಂಡು ಹೋಗಿ. ಮಗನ ಮದುವೆ ಉಂಟು. ಕೋಣೆ ಬೇಕು."

"ಯಾವ ಕೋಣೆ? ದನದ ಹಟ್ಟಿಯ ಬದಿಯದ್ದಾ? ಮದುಮಗಳನ್ನು ಅಲ್ಲಿ ಕೂರಿಸ್ತೀರಾ?"

"ಮಾತು ಬೇಡ. ನೀವು ಕರ್ಕೊಂಡು ಹೋಗದಿದ್ದರೆ ಘಟ್ಟದ ಮೇಲೆ ಒಂದು ತೋಟದ ಕೆಲಸಕ್ಕೆ ಕಳಿಸ್ತೇನೆ. ಅವರಿಗೆ ಅಡಿಗೆಗೆ ಒಂದು ಹೆಂಗಸು ಬೇಕಂತೆ."

"ಅವಳು ಹೇಗಿದ್ದಾಳೆ?"

"ಸೆಗಣಿ ಬಾಚ್ತಾಳೆ, ಉಣ್ತಾಳೆ. ಉಣ್ಣುವುದು ಸ್ವಲ್ಪ ಹೆಚ್ಚು."

ಮುಂಡಪ್ಪನ ಕೈಯಲ್ಲಿದ್ದ ಬೀಡಿ ಮುರಿದದ್ದು ನನಗೆ ಕೇಳಿಸಿತು. ನೋಣಯ್ಯ ಬೆವರು ಒರೆಸಿಕೊಂಡು ಹೋದ. ಇವನು ಬೆನ್ನು ಹಾಕಿದ್ದವನು ಕೂತಲ್ಲೇ ತಿರುಗಿದ. ನಮ್ಮ ಜಗಲಿಯಲ್ಲಿ ಅವನ ಮುಖ ನನಗೆ ಎದುರಾದದ್ದು ಅದೇ ಮೊದಲು.

"ಬಿಗಿ ಬಿಡುವುದು ಹೇಗೆ?"

"ಮೊದಲು ನೀವು ಕಟ್ಟಿದ್ದನ್ನು ನೀವೇ ಸೇದಿ."

"ನಾನು ಸೇದುವುದಿಲ್ಲ."

"ಸೇದುವವನ ಕಷ್ಟ ನಿಮಗೆ ಗೊತ್ತಾಗಬೇಕು. ಸೇದಿ!"

ಒಲೆಯಿಂದ ಕೊಳ್ಳಿ ತಂದು ಹಿಡಿದೆ. ಅವನದೇ ಬೀಡಿಯನ್ನು ಬಾಯಿಗಿಟ್ಟು ಎಳೆದ. ಕೆನ್ನೆ ಒಳಗೆ ಹೋಯಿತು, ಕುತ್ತಿಗೆಯ ನರ ಎದ್ದಿತು, ಕಣ್ಣು ಹೊರಗೆ ಬಂತು. ಹೊಗೆ ಇಲ್ಲ. ತಾಯಿ ಒಳಗಿನಿಂದ, ಯಾರಿಗೆ ದಮ್ಮು ಕಟ್ಟಿದ್ದು ಎಂದು ಕೇಳಿದರು. ನಾನು ಕಟ್ಟಿದ್ದು ಒಂದನ್ನು ಕೊಟ್ಟೆ. ಒಮ್ಮೆ ಎಳೆದದ್ದೇ, ಹೊಗೆ ಗಂಟಲಿಗೆ ನುಗ್ಗಿ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಇಳಿದ.

"ಗೊತ್ತಾಯ್ತಾ? ಅಕ್ಕಿಗೆ ಗಾಳಿ ಬೇಡ. ಇದಕ್ಕೆ ಬೇಕು. ನಿಮ್ಮ ಮುಡಿಯನ್ನು ತಲೆಯಿಂದ ಕೆಳಗೆ ಇಳಿಸಿ. ಆಗದಿದ್ದರೆ ಘಟ್ಟದ ಮೇಲೆ ಹೋಗಿ ಪೂವಮ್ಮನೊಟ್ಟಿಗೆ ಪಾತ್ರೆ ತೊಳೆಯಿರಿ."

ಕೆಂಪು ಕಣ್ಣಿನಲ್ಲಿ ನನ್ನನ್ನು ನೋಡಿದ. ಹೊಡೆಯುತ್ತಾನೆ ಎಂದೇ ನಾನು ಕೊಳ್ಳಿಯನ್ನು ಗಟ್ಟಿ ಹಿಡಿದೆ. ಅವನು ಜಗಲಿ ಹತ್ತಿ, ಎಲೆ ಸುತ್ತಿಟ್ಟ ನನ್ನ ಒದ್ದೆ ಗೋಣಿಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಎತ್ತುವ ಹಾಗೆ ಎತ್ತಿ ಬಿಚ್ಚಿ, ಒಂದು ಎಲೆ ತೆಗೆದುಕೊಂಡ. ಸುರ್ರನೆ ಸುರುಟಿದ. "ಬಿಗಿ" ಎಂದೆ. ಬಿಚ್ಚಿದ. ಮತ್ತೆ ಸುರುಟಿದ. "ಬಿಗಿ" ಎಂದೆ. ಮತ್ತೆ ಬಿಚ್ಚಿದ. ಬಿಚ್ಚಲು ಆಗುವುದು ಗಂಟೇ ಅಲ್ಲ ಎಂದವನು ಆ ಇಡೀ ಹಗಲು ಬಿಚ್ಚಿದ್ದೇ ಬಿಚ್ಚಿದ್ದು. ಮರುದಿನವೂ ಅದೇ, ಅದರ ಮರುದಿನವೂ ಅದೇ. ನನಗೆ ಬಿಗಿ ಬಿಗಿ ಎಂದು ಹೇಳಿ ದವಡೆ ನೋವು ಬಂತು.

ಪತ್ತನಾಜೆಗೆ ಮೊದಲು ಒಂದು ಗೆರಸೆ ಬೀಡಿ ಬೇರೆಯೇ ಹಿಡಿದುಕೊಂಡು ಸಾಹೇಬರ ಎದುರು ಇಟ್ಟ. ಸಾಹೇಬರು ಅಡಿಯಿಂದ ಒಂದು ತೆಗೆದು ಹಚ್ಚಿದರು. ಎಳೆದರು. ಹೊಗೆಯನ್ನು ಮೂಗಿನಿಂದ ಬಿಟ್ಟು ಮತ್ತೊಮ್ಮೆ ಎಳೆದರು. ಇವನು ಅವರ ಮೂಗನ್ನೇ ನೋಡುತ್ತಾ ನಿಂತಿದ್ದ.

"ಆಗ್ತದೆ. ಯಾರು ಕಲಿಸಿದ್ದು ಮುಂಡಪ್ಪ?"

"ಯಾರೂ ಇಲ್ಲ. ಒಂದು ಹೆಂಗಸಿನ ಬೊಬ್ಬೆ ಕೇಳಲಿಕ್ಕಾಗದೆ ಕಲಿತದ್ದು."

"ಬೊಬ್ಬೆಗೆ ಸಂಬಳ ಹಿಡಿದಿಡಿ ಸಾಹೇಬ್ರೇ" ಎಂದೆ ನಾನು. ಅವನ ಹೆಸರಿಗೆ ಪಾಸು ಆಯಿತು.

ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಒಂದು ಕೋಣೆ ಹಿಡಿದ. ಬೇರೆಲ್ಲೂ ಸಿಗಲಿಲ್ಲವಂತೆ, ನನಗೆ ಉಪದ್ರ ಕೊಡಲೆಂದೇ ಇರಬೇಕು. ಪೂವಮ್ಮ ವೇಣೂರಿನ ಬಸ್ಸಿನಲ್ಲಿ ಬಂದಳು. ಗಿಡ್ಡ ಹೆಂಗಸು, ಎದುರಿನ ಹಲ್ಲು ಇಲ್ಲ, ಬಸ್ಸಿನಿಂದ ಇಳಿಯುವಾಗಲೇ ನಗು. ಕಂಕುಳಲ್ಲಿದ್ದ ಬಟ್ಟೆಯ ಗಂಟನ್ನು ಹರಿದ ಗೋಣಿಯ ತುಂಡಿನಲ್ಲಿ ಸುತ್ತಿದ್ದಳು. ಅವನು ಕಂಡ.

"ಬಿಚ್ಚು ಅದನ್ನು."

"ಇಲ್ಲಿಯಾ? ರಸ್ತೆಯಲ್ಲಿಯಾ?"

"ರಸ್ತೆಯಲ್ಲೇ. ನಾನು ಎಂತ ಹೇಳಿದ್ದೆ?"

ಪಾಪ, ಅವಳು ಬಸ್ಸಿನ ಜನರೆದುರು ಸೀರೆ ರವಿಕೆಗಳನ್ನು ಕೈಯಲ್ಲಿ ಹಿಡಿದು ನಡೆದಳು. ಗೋಣಿಯ ತುಂಡನ್ನು ಅವನು ಚರಂಡಿಗೆ ಎಸೆದ. ನಾನು ಅದನ್ನು ಹೆಕ್ಕಿ ತೊಳೆದು ಎಲೆ ಸುತ್ತಲು ಇಟ್ಟುಕೊಂಡೆ. ಅವನು ದಿನಾ ನೋಡಲಿ ಎಂದು ಓಣಿಯ ಕಡೆಯ ಬೇಲಿಯಲ್ಲೇ ಒಣಗಿಸುತ್ತಿದ್ದೆ.

ಹಾಗೆ ವರ್ಷಗಳು ಹೋದವು. ಪೂವಮ್ಮನೂ ಬೀಡಿ ಕಟ್ಟಲು ಕಲಿತಳು, ಅವನಿಗಿಂತ ಬೇಗ. ಇಬ್ಬರ ಒಂದೊಂದು ಗೆರಸೆ ಅವರ ಬಾಗಿಲಲ್ಲಿ ಕಾಣುತ್ತಿತ್ತು. ಎಲೆಯ ಒದ್ದೆ ಗೋಣಿ ಮಾತ್ರ ಮಾಡಿನ ಕೆಳಗೆ, ಬಾಗಿಲಿನ ಹೊರಗೆ. ಪೂವಮ್ಮ ನನ್ನೊಡನೆ ಮಾತಾಡಿದರೆ ಅವನು ಒಳಗಿನಿಂದ ಕೆಮ್ಮುತ್ತಿದ್ದ. ಓಣಿಯ ಬಾವಿಯ ಹಗ್ಗಕ್ಕೆ ಅವನು ಕೊಡಪಾನ ಕಟ್ಟಿದರೆ ನಾವು ಯಾರೂ ಬಿಚ್ಚಲು ಆಗುತ್ತಿರಲಿಲ್ಲ, ಬೇಕೆಂದೇ ಹಾಗೆ ಕಟ್ಟುತ್ತಿದ್ದ. ನಾನು ಕತ್ತಿ ತಂದು ಕಡಿಯುತ್ತಿದ್ದೆ. ಅವನಿಗೆ ನಾನು ದಬ್ಬಣ, ನನಗೆ ಅವನು ಮುಡಿ. ಅಮ್ಮಣಿ ಒಮ್ಮೆ, ನಿಮಗಿಬ್ಬರಿಗೆ ಬಯ್ಯದಿದ್ದರೆ ಉಂಡದ್ದು ಜೀರ್ಣ ಆಗುವುದಿಲ್ವಾ ಎಂದು ಕೇಳಿದಳು. ಅವಳಿಗೆ ತಮಾಷೆ. ನನಗೆ ಅಲ್ಲ.

ಆಮೇಲೆ ಪೂವಮ್ಮ ಬಾವಿಕಟ್ಟೆಯ ಹತ್ತಿರ ಬಿದ್ದಳು. ಒಂದು ಬದಿಯ ಕೈಕಾಲು ಹೋಯಿತು, ಬಾಯಿ ಓರೆಯಾಯಿತು. ಎತ್ತಿಕೊಂಡು ಹೋಗಿ ಒಳಗೆ ಮಲಗಿಸಿದೆವು. ಎಷ್ಟು ಔಷಧಿ ಹಚ್ಚಿದರೂ ಕೈ ಏಳಲಿಲ್ಲ. ನೆಲದ ಚಾಪೆಯಲ್ಲಿ ಮಲಗಿ ಮಲಗಿ ಬೆನ್ನಿನ ಚರ್ಮ ಒಡೆಯಿತು. ಮೆತ್ತಗಿನ ಹಾಸಿಗೆ ಹಾಕದಿದ್ದರೆ ಹುಣ್ಣು ಎಲುಬಿಗೆ ಇಳಿಯುತ್ತದೆ ಎಂದು ಮದ್ದು ಕೊಡುವ ಪಂಡಿತರು ಹೇಳಿಹೋದರು. ಅವನು ಬೈಹುಲ್ಲು ತಂದು ಚಾಪೆಯ ಕೆಳಗೆ ಹರಡಿದ. ಹುಲ್ಲು ಬದಿಗೆ ಸರಿದು ಮತ್ತೆ ನೆಲವೇ ತಾಗಿತು. ಅವಳು ನೋವಿಗೆ ನರಳುವುದು ನಮ್ಮ ಜಗಲಿಗೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ನಮ್ಮ ಅಂಗಳಕ್ಕೆ ಬಂದ. ಪಾಸು ಆದ ಮೇಲೆ ಅವನು ನಮ್ಮ ಅಂಗಳಕ್ಕೆ ಕಾಲಿಟ್ಟದ್ದೇ ಇರಲಿಲ್ಲ. ಒಂದು ಕೈಯಲ್ಲಿ ಬೈಹುಲ್ಲಿನ ಕಟ್ಟು, ಇನ್ನೊಂದು ಕೈಯಲ್ಲಿ ಬ್ರಾಂಚಿನಿಂದ ತಂದ ಖಾಲಿ ಗೋಣಿ. ಎರಡು ಬೆರಳಲ್ಲಿ ಅಲ್ಲ, ಮುಷ್ಟಿಯಲ್ಲಿ ಹಿಡಿದಿದ್ದ.

"ಆ ದಬ್ಬಣ ಉಂಟಾ, ಎಸೆದಿಯಾ?"

"ಯಾಕೆ, ಬಾಯಿ ಹೊಲಿಸಿಕೊಳ್ಳಲಿಕ್ಕೆ ಬಂದಿರಾ?"

"ಗೋಣಿಯ ಒಳಗೆ ಹುಲ್ಲು ತುಂಬಿಸ್ತೇನೆ. ಅವಳ ಬೆನ್ನಿಗೆ."

"ತುಂಬಿಸಿ ಬಾಯಿ ಕಟ್ಟಿ. ನೀವು ಕಟ್ಟುವವರಲ್ವಾ?"

"ಕಟ್ಟಿದರೆ ಗಂಟು ಬೆನ್ನಿಗೆ ಚುಚ್ಚುತ್ತದೆ. ಹೊಲಿಯಬೇಕು."

ಪಕ್ಕಾಸಿನ ಸಂದಿನಿಂದ ದಬ್ಬಣ ತೆಗೆದೆ. ತುಕ್ಕು ಹಿಡಿದಿತ್ತು. ಬೂದಿಯಲ್ಲಿ ಉಜ್ಜಿ, ಎಣ್ಣೆ ಸವರಿ, ಗೋಣಿದಾರ ಪೋಣಿಸಿ ಕೊಟ್ಟೆ. ನಾನೇ ಹೊಲಿದು ಕೊಡುತ್ತೇನೆ ಎಂದು ಹೇಳಲಿಲ್ಲ. ಅವನೂ ಕೇಳಲಿಲ್ಲ. ಆ ದಬ್ಬಣ ಮತ್ತೆ ನನ್ನ ಕೈಗೆ ಬರಲಿಲ್ಲ. ಪೂವಮ್ಮ ತೀರಿಹೋದ ಮೇಲೆ ಅವನು ಕೋಣೆ ಬಿಟ್ಟು ಕೊಡತಿ ಹೊತ್ತುಕೊಂಡು ಬೆಳ್ತಂಗಡಿಯ ಬಸ್ಸು ಹತ್ತಿದ. ಅಲ್ಲೇ ಎಲ್ಲೋ ತೀರಿಕೊಂಡ ಎಂದು ಕೇಳಿದೆ. ಅವನು ಇಲ್ಲಿ ಬಸ್ಸು ಹತ್ತುವಾಗ ನಾನು ಬದಿಯ ಅಂಗಡಿಯಲ್ಲಿದ್ದೆ. ನನ್ನ ಕಡೆ ನೋಡಲಿಲ್ಲ.

ಆ ಮಧ್ಯಾಹ್ನ ಅವನು ನಮ್ಮ ಅಂಗಳದ ನೆಲದಲ್ಲೇ ಕೂತು ಗೋಣಿಯ ಒಳಗೆ ಹುಲ್ಲು ತುಂಬಿಸಿದ. ಕೈ ಹಾಕಿ ಹಾಕಿ ಹುಲ್ಲಿನ ಗಂಟುಗಳನ್ನು ಬಿಡಿಸಿ ಮೆತ್ತಗೆ ಮಾಡಿದ. ಒತ್ತಲಿಲ್ಲ, ಬಡಿಯಲಿಲ್ಲ. ಬಾಯಿ ಜೋಡಿಸಿ ಮೊಣಕಾಲಿನ ನಡುವೆ ಹಿಡಿದ. ದಬ್ಬಣವನ್ನು ಗೋಣಿಗೆ ತಾಗಿಸಿದವನು ಚುಚ್ಚದೆ ಕೈ ತಡೆದ. ದಾರದ ತುದಿಯನ್ನು ನೋಡಿದ, ಗೋಣಿಯ ಆಚೆ ತುದಿಯನ್ನು ನೋಡಿದ. ಆಮೇಲೆ ತಲೆಯೆತ್ತದೆ ನನ್ನನ್ನು ಕೇಳಿದ:

"ಗಂಟು ಹಾಕುವುದು ಯಾವಾಗ? ಮೊದಲಾ, ಕಡೆಗಾ?"